ಬೋಣಿಗೆ ಮುಂಚೆ ‘ನೋ’ ಒತ್ತಬಾರದು

ಕೆಲವು ಮನೆಗಳಲ್ಲಿ ಎಷ್ಟು ಸಲ ರಿಪೇರಿ ಮಾಡಿಸಿದರೂ ನಲ್ಲಿ ತೊಟ್ಟಿಕ್ಕುತ್ತಲೇ ಇರುತ್ತೆ ನೋಡಿ, ಹಾಗೆ ನಮ್ಮ ಆಫೀಸಿನ ಕಂಪ್ಯೂಟರು ಎಚ್ಚರಿಕೆ ಕೊಡುತ್ತಲೇ ಇರುತ್ತೆ. ಒಂದು ಹೋಯಿತಪ್ಪ ಅಂತ ಉಸಿರು ಬಿಡುವಷ್ಟರಲ್ಲಿ ಇನ್ನೊಂದು. ಇನ್‌ಶೂರೆನ್ಸ್ ಆಫೀಸಿನಲ್ಲಿ ಅಷ್ಟು ವರ್ಷ ದುಡಿದರೂ ನನಗೆ ಬಿ.ಪಿ. ಬಂದಿರಲಿಲ್ಲ. ರಿಟೈರ್ ಆಗಿ, ಮನೇಲಿ ಸುಮ್ಮನೆ ಕೂರಲಾರದೆ, ಈ ಮೆಣಸಿನಕಾಯಿ ಆಫೀಸಿಗೆ ಸೇರಿದ ಮೇಲೆ ಮಾತ್ರೆ ಶುರುವಾಯಿತು.

ಆಫೀಸು ಅಂದರೆ ಭಾರೀ ಏನಲ್ಲ. ಚೆನ್ನೈ ಬೀಚ್ ಸ್ಟೇಷನ್ನಿನಲ್ಲಿ ಇಳಿದು ಸ್ವಲ್ಪ ನಡೆದರೆ ಒಂದು ಹಳೇ ಕಟ್ಟಡ, ಅದರ ಮಾಳಿಗೆ ಮೇಲೆ ಎರಡು ಮೇಜು, ಸ್ಯಾಂಪಲ್ ಮೆಣಸಿನಕಾಯಿಯ ಚೀಲಗಳು, ಒಂದು ಕಂಪ್ಯೂಟರು, ನಾನು, ನಮ್ಮ ಸಾಹುಕಾರರು. ಅವರು ಹಾವೇರಿ ಕಡೆಯವರು. ತಂದೆಯ ಕಾಲದಿಂದ ಮದರಾಸಿನಲ್ಲಿ ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರ. ಹಣೆ ತುಂಬ ವಿಭೂತಿ, ಬಾಯಿ ತುಂಬ ಆ ಕಡೆಯ ಮಾತು, ಗಿರಾಕಿಗಳ ಹತ್ತಿರ ಮಾತ್ರ ತಮಿಳು. ನನ್ನದು ರೈಲ್ವೆ ಕ್ವಾರ್ಟರ್ಸಿನಲ್ಲಿ ಕಲಿತ ಮೈಸೂರು ಕನ್ನಡ, ಅದರಲ್ಲಿ ಅರ್ಧ ತಮಿಳು. ನಾವಿಬ್ಬರೂ ಕನ್ನಡದಲ್ಲೇ ಜಗಳ ಆಡಿದರೂ ಕೆಳಗಿನ ಟೀ ಅಂಗಡಿಯವನು ಎರಡು ಭಾಷೆ ಅಂದುಕೊಂಡಿದ್ದಾನೆ.

ಇರುವ ಗಿರಾಕಿಗಳಲ್ಲಿ ದೊಡ್ಡವರು ಒಬ್ಬರೇ, ಸಿಂಗಪುರದ ಒಬ್ಬ ತಮಿಳು ಅಮ್ಮ. ಮಸಾಲೆ ಪುಡಿ ಮಾಡುತ್ತಾರೆ. ಅವರು ಕೊಂಡರೆ ನಮ್ಮ ಅಂಗಡಿ, ಬಿಟ್ಟರೆ ಬೀಗ. ಕಳೆದ ಸಲ ಹಡಗು ಹೊರಟ ಮೇಲೂ ಕಾಗದಪತ್ರದ ಮೇಲ್ ಹೋಗಿರಲಿಲ್ಲ ಅಂತ ಆಯಮ್ಮ ಫೋನಿನಲ್ಲೇ ಹೇಳಿಬಿಟ್ಟಿದ್ದರು: ಇನ್ನೊಂದು ಸಲ ಮೇಲಿನಲ್ಲಿ ಎಡವಟ್ಟು ಮಾಡಿದರೆ ಮುಂದಿನ ಸುಗ್ಗಿಗೆ ನಾನು ಗುಂಟೂರಿನ ಕಡೆ ನೋಡಿಕೊಳ್ತೀನಿ. ಬ್ಯಾಡಗಿಯವರ ಮುಂದೆ ಗುಂಟೂರಿನ ಹೆಸರೆತ್ತಿದರೆ ಏನಾಗುತ್ತೆ ಗೊತ್ತಲ್ಲ, ಆವತ್ತು ಸಾಹುಕಾರರು ಮಧ್ಯಾಹ್ನದ ಊಟ ಮಾಡಲಿಲ್ಲ.

ಆಧಾರ್ ಕಾರ್ಡು

ಆ ಮೇಲ್ ಯಾಕೆ ಹೋಗಿರಲಿಲ್ಲ ಅಂತ ಹೇಳ್ತೀನಿ. ನಮ್ಮಲ್ಲಿ ಬಿಲ್ಲು ಮಾಡೋ ಪ್ರೋಗ್ರಾಮು ಬೇರೆ, ಮೇಲ್ ಕಳಿಸೋ ಪ್ರೋಗ್ರಾಮು ಬೇರೆ. ಬಿಲ್ಲು ರೆಡಿಯಾದ ಕೂಡಲೇ ಅದು ಮೇಲಿಗೆ ತಾನೇ ಹೇಳಿ ಕಳಿಸುತ್ತೆ. ಕಳಿಸಿದಾಗಲೆಲ್ಲ ಪರದೆ ಮಧ್ಯ ಒಂದು ಬಾಕ್ಸು ಎದ್ದು ನಿಲ್ಲುತ್ತೆ. ಬೇರೆ ಯಾವುದೋ ಪ್ರೋಗ್ರಾಮು ನಿಮ್ಮ ಹೆಸರಿನಲ್ಲಿ ಮೇಲ್ ಕಳಿಸೋಕೆ ನೋಡ್ತಿದೆ, ಬಿಡಲೇ? ನಿಮಗೆ ತಿಳಿಯದೆ ಆಗ್ತಿದ್ದರೆ ವೈರಸ್ ಇರಬಹುದು, ‘ನೋ’ ಒತ್ತಿ. ಕೆಳಗೆ ಒಂದು ಹಸಿರು ಪಟ್ಟಿ ನಿಧಾನಕ್ಕೆ ತುಂಬಿಕೊಳ್ಳುತ್ತೆ. ಅದು ತುಂಬೋವರೆಗೂ ‘ಯೆಸ್’ ಒತ್ತೋಕೆ ಬರಲ್ಲ.

ಆವತ್ತು ನಾನು ರಜೆ. ಸಾಹುಕಾರರು ಆ ಬಾಕ್ಸನ್ನು ಮೊದಲ ಸಲ ಒಬ್ಬರೇ ಎದುರಿಸಿದರು. ಪಕ್ಕದ ಆಫೀಸಿನವರನ್ನು ಕರೆದು ಓದಿಸಿದರಂತೆ. ಅರ್ಥ ತಿಳಿದ ಮೇಲೆ ಮುಖ ಕೆಂಪಗಾಗಿ ಕಂಪ್ಯೂಟರಿಗೆ ಬೆನ್ನು ಹಾಕಿ ಕೂತುಬಿಟ್ಟರಂತೆ. ಮಾರನೇ ದಿನ ನಾನು ಬಂದಾಗಲೂ ಆ ಬಾಕ್ಸು ಹಾಗೇ ನಿಂತಿತ್ತು, ಸಾಹುಕಾರರೂ ಹಾಗೇ ಕೂತಿದ್ದರು.

“ನಮ್ಮಪ್ಪ ಕಟ್ಟಿದ ಅಂಗಡಿ ಅಕ್ಕಾರ ಇದು. ನನ್ನ ಅಂಗಡ್ಯಾಗ ಕುಂತು ನನ್ನನ್ನ ನೀ ಯಾರು ಅಂತ ಕೇಳತೈತಿ” ಅಂದರು.

ಅದು ನಿಮ್ಮನ್ನಲ್ಲ ಸಾವ್ಕಾರ್ರೇ, ಆ ಬಿಲ್ಲಿನ ಪ್ರೋಗ್ರಾಮನ್ನು ಕೇಳ್ತಿರೋದು ಅಂತ ನಾನು ಎಷ್ಟು ಬಿಡಿಸಿ ಹೇಳಿದರೂ ಅವರ ಅವಮಾನ ಇಳಿಯಲಿಲ್ಲ. ಜೇಬಿಗೆ ಕೈ ಹಾಕಿ, ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿಟ್ಟಿದ್ದ ಆಧಾರ್ ಕಾರ್ಡು ತೆಗೆದು, ಪರದೆಯ ಮುಂದೆ ಹಿಡಿದುಕೊಂಡು ನಿಂತರು.

ಮುಂದ ನೋಡೂಣು

ಸಾಹುಕಾರರ ಅಂಗಡಿಯಲ್ಲಿ ‘ಇಲ್ಲ’, ‘ಬೇಡ’, ‘ಖಾಲಿ’ ಈ ಮೂರು ಮಾತು ಆಡುವ ಹಾಗಿಲ್ಲ. ಲಕ್ಷ್ಮಿ ಇರೋ ಜಾಗ ಅಂತ. ಅವರ ಮನೆಯಲ್ಲಿ ದೀಪ ಆರಿಸು ಅನ್ನೋ ಹಾಗಿಲ್ಲ, ‘ದೀಪ ದೊಡ್ಡದು ಮಾಡು’ ಅನ್ನಬೇಕು. ಸರಕು ಮುಗಿದಿದ್ದರೆ ‘ತುಂಬೇತಿ’ ಅನ್ನಬೇಕು. ಅದರಲ್ಲೂ ಬೆಳಗಿನ ಮೊದಲ ವ್ಯಾಪಾರ, ಅಂದರೆ ಬೋಣಿ, ಆಗೋವರೆಗೆ ಯಾರಿಗೂ ಯಾವುದಕ್ಕೂ ಆಗಲ್ಲ ಅನ್ನಬಾರದು. ಹಾಗಾದರೆ ಆಗದ್ದಕ್ಕೆ ಏನಂತಾರೆ? ‘ಮುಂದ ನೋಡೂಣು’ ಅಂತಾರೆ. ವರಮಹಾಲಕ್ಷ್ಮಿ ಹಬ್ಬಕ್ಕೆ ನಾನು ರಜೆ ಕೇಳಿದಾಗ ‘ಆಗಲೇಳ್ರಿ, ಮುಂದ ನೋಡೂಣು’ ಅಂದರು. ಸಿಕ್ಕಿತು ಅಂದುಕೊಂಡು ಮನೆಗೆ ಹೋಗಿ ಹೋಳಿಗೆಗೆ ಬೇಳೆ ನೆನೆಹಾಕಿದ್ದೆ.

ಇಂಥವರ ಆಫೀಸಿನಲ್ಲಿ ಒಂದು ಬೆಳಿಗ್ಗೆ, ಬೋಣಿ ಆಗೋಕೆ ಮುಂಚೆ, ತಪ್ಪು ಬಿಲ್ಲು ಹೊರಟಿದ್ದನ್ನ ತಡೆಯೋಕೆ ನಾನು ಆ ಬಾಕ್ಸಿನಲ್ಲಿ ‘ನೋ’ ಒತ್ತಿದೆ. ಸಂಜೆಗೆ ಯಾರೋ ಒಬ್ಬ ಗಿರಾಕಿ ಆರ್ಡರು ವಾಪಸ್ ತಗೊಂಡ. ಅಷ್ಟೇ. ಆವತ್ತಿಂದ ನಮ್ಮ ಆಫೀಸಿನ ಕಾನೂನು: ಬೋಣಿಗೆ ಮುಂಚೆ ‘ನೋ’ ಒತ್ತಬಾರದು.

ಕಂಪ್ಯೂಟರ್ ರಿಪೇರಿಗೆ ತಾಂಬರಂನಿಂದ ಒಬ್ಬ ತಂಬಿ ಬರುತ್ತಾನೆ. ತಮಿಳು ಹುಡುಗ, ಮದುವೆ ವಯಸ್ಸು, ಲೋಕಲ್ ಟ್ರೈನಿನಲ್ಲಿ ಬೆನ್ನಿಗೊಂದು ಬ್ಯಾಗು ಹಾಕಿಕೊಂಡು ನೇತಾಡಿಕೊಂಡೇ ಬರುತ್ತಾನೆ. ಅವನನ್ನು ಕರೆಸಿ ಸಾಹುಕಾರರು ಕೇಳಿದರು: ಆ ‘ನೋ’ ಅನ್ನೋದನ್ನ ಅಳಿಸಿ ಅಲ್ಲಿ ‘ಮುಂದ ನೋಡೂಣು’ ಅಂತ ಬರೆಯೋಕೆ ಬರುತ್ತಾ?

ಪಾಪ, ಅವನು ತುಂಬ ಹೊತ್ತು ಹುಡುಕಿದ. ಕೊನೆಗೆ ತಲೆ ಕೆರೆದುಕೊಂಡು, ಸರಿ ಸಾರ್, ‘ನೋ’ ಜಾಗದಲ್ಲಿ ಅದನ್ನ ಬರೆದೆ ಅಂತಾನೇ ಇಟ್ಟುಕೊಳ್ಳಿ, ‘ಯೆಸ್’ ಜಾಗದಲ್ಲಿ ಏನು ಬರೆಯಲಿ ಅಂತ ಕೇಳಿದ.

ಸಾಹುಕಾರರು ಒಂದು ಕ್ಷಣವೂ ಯೋಚನೆ ಮಾಡಲಿಲ್ಲ. “ಅಲ್ಲೂ ಅದನ್ನ ಬರಿ” ಅಂದರು.

ವಿಭೂತಿ ಗಟ್ಟಿ

ಸಾಹುಕಾರರಿಗೆ ಇನ್ನೊಂದು ಅಭ್ಯಾಸ. ಮೇಲ್ ಕಳಿಸಿದ ಕೂಡಲೇ ಫೋನು ಮಾಡಿ, “ಅಮ್ಮಾ, ಮೇಲ್ ವಂದುಡುಚ್ಚಾ?” ಅಂತ ಕೇಳಬೇಕು. ಬಂತು ಅಂದರೆ, ತೆಗೆದಿರಾ ಅನ್ನಬೇಕು. ತೆಗೆದೆ ಅಂದರೆ, ಓದೋಕೆ ಬರ್ತಿದೆಯಾ ಅನ್ನಬೇಕು. ಸಿಂಗಪುರದ ಅಮ್ಮ ಎಷ್ಟು ಸಲ ಬೈದಿಲ್ಲ, ಫೋನು ಮಾಡೋದಾದರೆ ಮೇಲ್ ಯಾಕೆ, ಮೇಲ್ ಕಳಿಸೋದಾದರೆ ಫೋನ್ ಯಾಕೆ ಅಂತ. ನಾನೂ ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದೆ.

ಒಂದು ಮಧ್ಯಾಹ್ನ ನಾನು ಆಯಮ್ಮನಿಗೆ ಮೇಲ್ ಬರೆಯೋಕೆ ಶುರು ಮಾಡಿ, ಮೇಲ್ಗಡೆ ವಿಳಾಸ ಹಾಕಿ, ಹಸಿವಾಯಿತು ಅಂತ ಊಟ ಮುಗಿಸಿ ಡಬ್ಬಿ ತೊಳೆಯೋಕೆ ಎದ್ದು ಹೋದೆ. ಎಂಟರ್ ಒತ್ತಿದರೆ ಬಾಕ್ಸು ಹೋಗುತ್ತೆ ಅಂತ ಸಾಹುಕಾರರಿಗೆ ಯಾರೋ ಹೇಳಿದ್ದರು. ನಾನಿಲ್ಲದಾಗ ಬಾಕ್ಸು ಬಂದರೆ ಅಂತ ಮುಂಜಾಗ್ರತೆಗೆ, ತಮ್ಮ ವಿಭೂತಿ ಗಟ್ಟಿಯನ್ನ ಎಂಟರ್ ಮೇಲೆ ಇಟ್ಟು ಪೇಪರ್ ಓದುತ್ತಾ ಕೂತಿದ್ದಾರೆ. ಬಾಕ್ಸು ಬರಲೇ ಇಲ್ಲ. ನಾನು ಬರೆಯುತ್ತಿದ್ದ ಮೇಲಿನಲ್ಲಿ ಖಾಲಿ ಸಾಲು, ಅದರ ಕೆಳಗೆ ಖಾಲಿ ಸಾಲು, ಪುಟ ಪುಟಗಟ್ಟಲೆ ಇಳಿದುಕೊಂಡು ಹೋಗಿದೆ. ಪೇಪರು ಮುಗಿದ ಮೇಲೆ ಸಾಹುಕಾರರು ಗಟ್ಟಿ ತೆಗೆದು, ಹಣೆಗೆ ಹಚ್ಚಿಕೊಂಡು, ‘ಸೆಂಡ್’ ಒತ್ತಿದ್ದಾರೆ.

ನಾನು ಡಬ್ಬಿ ಒರೆಸುತ್ತಾ ಬಂದರೆ ಸಾಹುಕಾರರು ಆಗಲೇ ಸಿಂಗಪುರಕ್ಕೆ ಫೋನು ಹಚ್ಚಿ, ಮೇಲ್ ಬಂತಾ ಅಂತ ಕೇಳಿಯಾಗಿತ್ತು. ಸ್ಪೀಕರಿನಲ್ಲಿ ಆಯಮ್ಮನ ದನಿ ಇಬ್ಬರಿಗೂ ಕೇಳುತ್ತಿತ್ತು. ಇಳಿಸಿದಷ್ಟೂ ಇಳಿಯುತ್ತಿದೆ, ಒಂದಕ್ಷರ ಇಲ್ಲ, ಇದೇನು ತಮಾಷೆಯಾ, ಗುಂಟೂರಿನವರ ನಂಬರು ನನ್ನ ಹತ್ತಿರ ಇದೆ ಅಂತ ಸಿಡಿಮಿಡಿ. ನಾನು ಕೈಸನ್ನೆ ಮಾಡಿದೆ, ತಪ್ಪಾಯಿತು ಅಂತ ಹೇಳಿಬಿಡಿ ಅಂತ. ಖಾಲಿ ಮೇಲ್ ಬಂದಿದೆ ಅಂತ ಒಪ್ಪಿಕೊಂಡಿದ್ದರೆ ಮುಗೀತಿತ್ತು. ಆದರೆ ಆ ಮಾತು ಅವರ ಬಾಯಲ್ಲಿ ಬರಬೇಕಲ್ಲ.

ಬೆವರು ಒರೆಸಿಕೊಂಡು, ತಮಿಳಿನಲ್ಲಿ, ತುಂಬ ವಿನಯದಿಂದ ಹೇಳಿದರು: ಅದು ತುಂಬಿದೆ ಅಮ್ಮಾ, ನೀವು ಇನ್ನೂ ಕೆಳಗೆ ಇಳಿಸಿ.

ಗಪ್ಪಾದ ಕಂಪ್ಯೂಟರು

ಇನ್ನು ಸಾಕು ಅಂತ ನಾನೇ ತಂಬಿಗೆ ಹೇಳಿ ಆ ಎಚ್ಚರಿಕೆಯನ್ನ ಪೂರ್ತಿ ನಿಲ್ಲಿಸಿದೆ. ಕಂಪ್ಯೂಟರಿನ ವೈರಸ್ ತಡೆಯೋ ಪ್ರೋಗ್ರಾಮಿನ ಅವಧಿ ಮುಗಿದಿದೆ, ಅದಕ್ಕೇ ಇದು ಹೆದರಿಕೊಂಡು ಕೇಳಿ ಕೇಳಿ ಸಾಯ್ತಿರೋದು, ಮೊದಲು ಅದನ್ನ ಹೊಸದು ಹಾಕಿಸಿ ಅಂತ ಅವನು ಹೇಳಿದ. ಸಾಹುಕಾರರು ಮುಂದ ನೋಡೂಣು ಅಂದರು. ಅವನು ಇನ್ನೇನು ಮಾಡ್ತಾನೆ, ಬರೀ ಎಚ್ಚರಿಕೆ ಮಾತ್ರ ನಿಲ್ಲಿಸಿ ಹೋದ.

ಆಹಾ, ಆ ವಾರ ಎಂಥ ನೆಮ್ಮದಿ ಅಂತೀರಿ. ಬಿಲ್ಲು ಒತ್ತಿದರೆ ಮೇಲ್ ಹೋಗುತ್ತೆ, ತುಟಿಪಿಟಕ್ ಇಲ್ಲ. ನೆಮ್ಮದಿ ನನಗೆ ಮಾತ್ರ. ಸಾಹುಕಾರರು ಕುರ್ಚಿಯಲ್ಲಿ ಕೂರಲಾರರು, ನಿಲ್ಲಲಾರರು. ಹೋಯಿತಾ? ಹೋಯಿತು. ಮತ್ತೆ ಯಾಕೆ ಏನೂ ಕೇಳಲಿಲ್ಲ? ಕೇಳಬೇಡ ಅಂತಲೇ ಅಲ್ಲವಾ ದುಡ್ಡು ಕೊಟ್ಟಿದ್ದು ಅಂದೆ. ಅವರು ಪರದೆಯ ಹತ್ತಿರ ಮುಖ ತಂದು ನೋಡಿದರು.

“ಮನಿಯಾಗ ಆಕಿ ದಿನಾ ವಟವಟ ಅಂತಾಳ್ರಿ, ಅಡ್ಡಿ ಏನೈತಿ. ಗಪ್ಪ ಕುಂತಳಂದ್ರ ಜೀವ ಹಾರತೈತಿ.”

ವಾರದ ಕೊನೆಗೆ ತಂಬಿಯನ್ನು ಮತ್ತೆ ಕರೆಸಿ, ಆ ಬಾಕ್ಸನ್ನು ವಾಪಸ್ ಹಾಕಿಸಿದರು. ತೆಗೆದಿದ್ದಕ್ಕೆ ಒಂದು ಸಲ ಕೂಲಿ ಕೊಟ್ಟು, ಇಟ್ಟಿದ್ದಕ್ಕೆ ಇನ್ನೊಂದು ಸಲ ಕೊಟ್ಟ ಆಫೀಸು ಇಡೀ ಚೆನ್ನೈಯಲ್ಲಿ ಇದೊಂದೇ ಅಂತ ಅವನು ಹೋಗುವಾಗ ಅಂದ.

ಲಗ್ನಪತ್ರಿಕೆ

ಆಮೇಲೆ ಬಂತು ನೋಡಿ ಆ ಸೋಮವಾರ.

ಈ ಸಲದ ಸರಕು ಎಣ್ಣೂರು ಬಂದರಿನೊಳಗೆ ಹೋಗಬೇಕಾದ ದಿನ ಅದು. ಲಾರಿ ಆಗಲೇ ದಾರಿಯಲ್ಲಿತ್ತು. ಮಧ್ಯಾಹ್ನದೊಳಗೆ ಸಿಂಗಪುರದ ಅಮ್ಮನಿಗೆ ಕಾಗದಪತ್ರದ ಮೇಲ್ ಹೋಗಬೇಕು, ಇಲ್ಲದಿದ್ದರೆ ಗುಂಟೂರು. ಶನಿವಾರವೇ ಸಾಹುಕಾರರು ನನಗೆ ಹೇಳಿದ್ದರು, ಇದು ತಪ್ಪಿತಂದ್ರ ಅಂಗಡಿ ದೊಡ್ಡದು ಮಾಡೂದ ಅಕ್ಕಾರ ಅಂತ. ದೀಪಕ್ಕೆ ಹೇಳೋ ಮಾತನ್ನ ಅಂಗಡಿಗೆ ಹೇಳಿದ್ದರು. ಎಷ್ಟು ಬೈದುಕೊಂಡರೂ ಆ ಮನುಷ್ಯನ ಅಂಗಡಿ ಮುಚ್ಚೋದನ್ನ ನೋಡೋ ಧೈರ್ಯ ನನಗಿಲ್ಲ.

ಮಾಳಿಗೆ ಹತ್ತಿ ಬಂದರೆ ಸಾಹುಕಾರರು ಆಗಲೇ ಕಂಪ್ಯೂಟರಿನ ಮುಂದೆ. ಪರದೆಯ ಮೇಲೆ ಬಾಕ್ಸು. ನಿಮ್ಮ ಹೆಸರಿನಲ್ಲಿ ಮೇಲ್ ಕಳಿಸಲೇ? ಹಸಿರು ಪಟ್ಟಿ ತುಂಬಿಕೊಂಡು ನಿಂತಿತ್ತು. ಸಾಹುಕಾರರು ‘ಯೆಸ್’ ಒತ್ತೋಕೆ ಕೈ ಎತ್ತಿದ್ದರು. ನಾನು ಹೋಗಿ ಕೈ ಹಿಡಿದೆ. ಯಾಕಂದರೆ ಬಿಲ್ಲಿನ ಪ್ರೋಗ್ರಾಮು ತೆರೆದೇ ಇರಲಿಲ್ಲ. ಹಾಗಾದರೆ ಮೇಲ್ ಕಳಿಸ್ತಿರೋದು ಯಾರು?

ಬೆಳಿಗ್ಗೆ ಏನಾದರೂ ತೆಗೆದಿರಾ ಅಂತ ಕೇಳಿದೆ. ಗುರುತಿಲ್ಲದವರು ಯಾರೋ ಲಗ್ನಪತ್ರಿಕೆ ಕಳಿಸಿದ್ದರಂತೆ, ಒತ್ತಿದರಂತೆ, ಪತ್ರಿಕೆ ಕಾಣಿಸಲಿಲ್ಲವಂತೆ.

“ಗೊತ್ತಿಲ್ಲದವರದ್ದು ಯಾಕೆ ತೆಗೆದಿರಿ ಸಾವ್ಕಾರ್ರೇ?”

“ಲಗ್ನಕ್ಕ ಕರದ್ರ ಹ್ಞೂಂ ಅನಬೇಕಲ್ರಿ ಅಕ್ಕಾರ.”

ಈ ಬಾಕ್ಸು ಇದೇ ಮೊದಲನೆಯದಾ ಅಂತ ಕೇಳಿದೆ. ಅವರು ಸಣ್ಣ ದನಿಯಲ್ಲಿ, ಇದಕ್ಕೂ ಮೊದಲು ಒಂದು ಬಂದಿತ್ತು, ಅದಕ್ಕೆ ಯೆಸ್ ಅಂದೇನಿ ಅಂದರು. ಅಂದರೆ ಯಾರಿಗೋ ಒಬ್ಬರಿಗೆ ಆ ಹಾಳು ಪತ್ರಿಕೆ ಸಾಹುಕಾರರ ಹೆಸರಿನಲ್ಲಿ ಹೋಗಿಯಾಗಿದೆ. ಯಾರಿಗೆ ಅಂತ ಆ ಬಾಕ್ಸು ಹೇಳಲ್ಲ.

ತಂಬಿಗೆ ಫೋನು ಹಾಕಿದೆ. ಅವನು ಟ್ರೈನಿನಲ್ಲಿದ್ದ. ಗಲಾಟೆ ಮಧ್ಯೆ ಕೂಗಿ ಹೇಳಿದ, ನೆಟ್ ಕೇಬಲ್ ಕಿತ್ತು ಹಾಕಿ, ಆ ಬಾಕ್ಸು ಎಷ್ಟು ಸಲ ಬಂದರೂ ಬಿಡಬೇಡಿ. “ಎನ್ನ ಕೇಟ್ಟಾಲುಂ ನೋ ಅಮುಕ್ಕುಂಗ ಮೇಡಂ.” ಏನೇ ಕೇಳಿದರೂ ನೋ ಒತ್ತಿ ಅಂತ.

ಕೇಬಲ್ ಕಿತ್ತೆ. ‘ನೋ’ ಒತ್ತೋಕೆ ಬಂದೆ. ಸಾಹುಕಾರರು ಅಡ್ಡ ನಿಂತರು.

“ಬೋಣಿ ಇನ್ನ ಆಗಬೇಕ್ರಿ ಅಕ್ಕಾರ.”

ಮೈಯೆಲ್ಲ ಉರಿದುಹೋಯಿತು. ಲಾರಿ ಎಣ್ಣೂರಿನ ದಾರಿಯಲ್ಲಿ, ಗಿರಾಕಿ ಗುಂಟೂರಿನ ದಾರಿಯಲ್ಲಿ, ಇವರಿಗೆ ಬೋಣಿ. ಹಾಗಂತ ಬಾಯಿಬಿಟ್ಟೇ ಅಂದೆ. ಆದರೆ ಅವರ ಮುಖ ನೋಡಿದೆ. ಮೊಂಡು ಅಲ್ಲ ಅದು, ನಿಜವಾದ ಭಯ. ಇಡೀ ಜನ್ಮದಲ್ಲಿ ಮಾಡದೇ ಇರೋದನ್ನ, ಅದೂ ಇಂಥ ದಿನವೇ ಮಾಡಿ, ಇದ್ದದ್ದೂ ಕಳೆದುಕೊಂಡರೆ ಅಂತ. ಸರಿ, ಹಾಗಾದರೆ ಬೇಗ ಏನಾದರೂ ನನಗೇ ಮಾರಿ ಅಂದೆ. ಅವರು ಓಡಿಹೋಗಿ ಸ್ಯಾಂಪಲ್ ಚೀಲದಿಂದ ಒಂದು ಹಿಡಿ ಮೆಣಸಿನಕಾಯಿ ತಂದು ನನ್ನ ಸೆರಗಿಗೆ ಹಾಕಿದರು. ನನ್ನ ಪರ್ಸಿನಲ್ಲಿ ಚಿಲ್ಲರೆ ಇರಲಿಲ್ಲ. ಫೋನಿನಲ್ಲಿ ಕಳಿಸೋಕೆ ಹೋದರೆ ಅದೂ ಒಂದು ಬಾಕ್ಸು ತಂದು ನಿಲ್ಲಿಸಿತು: ಈ ವ್ಯಕ್ತಿ ನಿಮಗೆ ಹೊಸಬರು, ಮೋಸ ಇರಬಹುದು, ಮುಂದುವರಿಯಲೇ?

“ಅದೇನಂತೈತ್ರಿ?” ಅಂದರು ಸಾಹುಕಾರರು.

ಏನೂ ಇಲ್ಲ ಅಂತ ಹೇಳಿ ಒತ್ತಿದೆ. ಅವರ ಫೋನು ಟಿಣ್ ಅಂದಿತು. ಆ ಫೋನನ್ನು ಕಣ್ಣಿಗೆ ಒತ್ತಿಕೊಂಡು, ಶಿವನೇ ಅಂತ ಮೇಲೆ ನೋಡಿ, ನನ್ನನ್ನು ಸರಿಸಿ ತಾವೇ ಕುರ್ಚಿಯಲ್ಲಿ ಕೂತರು.

“ಬ್ಯಾಡ” ಅಂದರು, ‘ನೋ’ ಒತ್ತಿದರು.

ಬಾಕ್ಸು ಹೋಯಿತು. ತಕ್ಷಣ ಇನ್ನೊಂದು ಬಂತು. ನಮ್ಮ ವಿಳಾಸದ ಪಟ್ಟಿಯಲ್ಲಿ ಎಷ್ಟು ಜನರಿದ್ದರೋ ಅಷ್ಟೂ ಜನರಿಗೆ ಒಂದೊಂದು. ಬ್ಯಾಡ. ಬ್ಯಾಡ. ಮೊದಲು ದೇವರ ಮುಂದೆ ತಪ್ಪೊಪ್ಪಿಕೊಳ್ಳೋರ ಹಾಗೆ ಮೆಲ್ಲಗೆ ಅಂತಿದ್ದರು. ಬರಬರುತ್ತಾ ದನಿ ಏರಿತು. ಆಮೇಲೆ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಇದು ಆ ಆರ್ಡರ್ ವಾಪಸ್ ತಗೊಂಡಂವಗ, ಬ್ಯಾಡ. ಇದು ನಮ್ಮ ಬೀಗರಿಗೆ, ಬ್ಯಾಡ. ಯಾರಿಗೆ ಅಂತ ಬಾಕ್ಸಿನಲ್ಲಿ ಬರೆದಿರಲಿಲ್ಲ, ಇವರೇ ಆರಿಸಿಕೊಂಡು ಅಂತಿದ್ದರು. ಜೀವಮಾನವಿಡೀ ನುಂಗಿಕೊಂಡಿದ್ದ ಬ್ಯಾಡಗಳೆಲ್ಲ ಆ ಬೆಳಿಗ್ಗೆ ಹೊರಗೆ ಬಂದವು. ಕೊನೆಯ ಬಾಕ್ಸು ಹೋದ ಮೇಲೆ, ಇನ್ನೂ ಇದೆಯೇನೋ ಅಂತ ಪರದೆಯನ್ನೇ ಆಸೆಯಿಂದ ನೋಡುತ್ತಿದ್ದರು.

ತಂಬಿ ಏದುಸಿರು ಬಿಡುತ್ತಾ ಬಂದು, ನಮ್ಮ ಕಂಪ್ಯೂಟರನ್ನು ಮುಟ್ಟದೆ, ಕಾಗದಪತ್ರಗಳ ಪ್ರತಿಯ ಫೋಟೋ ತೆಗೆದು ತನ್ನ ಲ್ಯಾಪ್‌ಟಾಪಿನಿಂದ ಸಾಹುಕಾರರ ಮೇಲ್ ತೆರೆದು ಸಿಂಗಪುರಕ್ಕೆ ಕಳಿಸಿದ. ಮಧ್ಯಾಹ್ನಕ್ಕೆ ಇನ್ನೂ ಹೊತ್ತಿತ್ತು. ಕಳಿಸಿದ ಮೇಲುಗಳನ್ನ ತೋರಿಸು ಅಂದೆ. ಈಗ ಕಳಿಸಿದ್ದರ ಕೆಳಗೇ ಬೆಳಗಿನದು ಇತ್ತು. ಲಗ್ನಪತ್ರಿಕೆ ಹೋಗಿದ್ದು ಬೇರೆ ಯಾರಿಗೂ ಅಲ್ಲ, ಸಿಂಗಪುರದ ಅಮ್ಮನಿಗೇ.

ಆಯಮ್ಮ ಅದನ್ನ ತೆಗೆದಿದ್ದರೆ ಅವರ ಕಂಪ್ಯೂಟರಿನಲ್ಲೂ ಇದೇ ಗತಿ, ಅದೂ ನಮ್ಮ ಸಾಹುಕಾರರ ಹೆಸರಿನಲ್ಲಿ. ತಂಬಿ ಬ್ಯಾಗು ಹಾಕಿಕೊಂಡು ವೈರಸ್ ತಡೆಯೋ ಹೊಸ ಪ್ರೋಗ್ರಾಮು ತರೋಕೆ ಕೆಳಗೆ ಇಳಿದು ಹೋದ. ಸಾಹುಕಾರರು ಫೋನನ್ನು ಕೈಯಲ್ಲಿ ಹಿಡಿದುಕೊಂಡು ಕೂತೇ ಇದ್ದರು. ಆಮೇಲೆ ಒತ್ತಿದರು. ಸ್ಪೀಕರ್ ಹಾಕಿದರು, ಒಬ್ಬರೇ ಕೇಳಿಸಿಕೊಳ್ಳೋ ಧೈರ್ಯ ಇರಲಿಲ್ಲವೇನೋ.

“ಅಮ್ಮಾ, ಮೇಲ್ ವಂದುಡುಚ್ಚಾ?”

ಆ ಕಡೆಯಿಂದ ಆಯಮ್ಮ ತಮಿಳಿನಲ್ಲಿ ಹೇಳಿದ್ದು ಇಷ್ಟು. ಕಾಗದ ಬಂತು, ಸರಿಯಾಗಿದೆ. ಬೆಳಿಗ್ಗೆ ಇನ್ನೊಂದು ಮೇಲ್ ಬಂದಿತ್ತು, ಮದುವೆಯದ್ದು. ನನ್ನ ಕಂಪ್ಯೂಟರು ಎಂದಿನ ಹಾಗೆ ಇದನ್ನ ನಂಬಬಹುದಾ ಅಂತ ಕೇಳಿತು. ನಿಮ್ಮ ಫೋನಿಗೆ ಕಾದೆ. ಬರಲಿಲ್ಲ. ಮೇಲ್ ಕಳಿಸಿ ಫೋನು ಮಾಡದೆ ಇರೋ ಆಸಾಮಿ ನೀವಲ್ಲ, ಇದು ನಿಮ್ಮದಲ್ಲ ಅಂತ ಮುಟ್ಟಲಿಲ್ಲ.

ನನಗೆ ಅಳು ಬಂದುಬಿಟ್ಟಿತು, ಸುಳ್ಳು ಯಾಕೆ ಹೇಳಲಿ. ಎಷ್ಟು ಸಲ ಆ ಫೋನಿಗೆ ನಾನು ಹಣೆ ಚಚ್ಚಿಕೊಂಡಿಲ್ಲ. ಸಾಹುಕಾರರ ಕಣ್ಣೂ ಒದ್ದೆಯಾಗಿತ್ತು. ಮುಂದಿನ ಸುಗ್ಗಿಗೂ ನಿಮ್ಮದೇ ಮೆಣಸಿನಕಾಯಿ ಅಂತ ಆಯಮ್ಮ ಅಂದರು. ಎಲ್ಲ ಮುಗೀತು, ಫೋನು ಇಡಬಹುದಿತ್ತು.

ಆಯಮ್ಮ ಕೇಳಿದರು: ಅದು ಸರಿ, ಮದುವೆ ಅಂತೂ ಇದೆಯಾ ಇಲ್ಲವಾ?

ನಾನು ಜೋರಾಗಿ ತಲೆ ಅಲ್ಲಾಡಿಸಿದೆ. ಇಲ್ಲ ಅನ್ನಿ ಸಾವ್ಕಾರ್ರೇ, ಬೋಣಿ ಆಗಿದೆ, ಒಂದು ಸಲ ಇಲ್ಲ ಅನ್ನಿ. ಅವರ ಬಾಯಿ ತೆರೆಯಿತು, ಮುಚ್ಚಿತು. ಬೆಳಗಿನಿಂದ ಅಷ್ಟು ಸಲ ಬ್ಯಾಡ ಅಂದಿದ್ದ ಬಾಯಿ. ಆದರೆ ಮದುವೆಯನ್ನ ಇಲ್ಲ ಅನ್ನೋದು ಹೇಗೆ?

“ಐತ್ರಿ” ಅಂತ ಕನ್ನಡದಲ್ಲೇ ಬಂದುಬಿಟ್ಟಿತು. ಆಮೇಲೆ ತಮಿಳಿನಲ್ಲಿ, ಖಂಡಿತ ಬನ್ನಿ ಅಮ್ಮಾ, ಮನೆಯವರನ್ನೆಲ್ಲ ಕರೆದುಕೊಂಡು ಬನ್ನಿ ಅಂದರು. ಆಯಮ್ಮ ತುಂಬ ಸಂತೋಷಪಟ್ಟು, ಟಿಕೆಟ್ ಮಾಡಿಸ್ತೀನಿ, ದಿನ ಹೇಳಿ ಅಂತ ಫೋನು ಇಟ್ಟರು.

ಸಾಹುಕಾರರು ನನ್ನ ಕಡೆ ನೋಡಿದರು. ಅವರ ಮಕ್ಕಳ ಮದುವೆಯೆಲ್ಲ ಆಗಿ ಎಷ್ಟೋ ವರ್ಷವಾಗಿದೆ. ನನ್ನದು ಬಿಡಿ. ಕೊನೆಗೆ ತಂಬಿಗೆ ಫೋನು ಹಚ್ಚಿದರು. ತಮ್ಮಾ, ನಿನಗೆ ಮನೇಲಿ ಹುಡುಗಿ ನೋಡಿದ್ದಾರಾ, ಒಂದು ಒಳ್ಳೇ ದಿನ ನೋಡಿ ಮದುವೆ ಇಟ್ಟುಕೊಳ್ತೀಯಾ, ಖರ್ಚು ನನ್ನದು ಅಂತ ಕೇಳಿದರು.

ಆ ಕಡೆ ಬೀದಿಯ ಗದ್ದಲ. ಆ ಬಾಕ್ಸು ಮತ್ತೆ ಬಂದು ಏನೋ ಕೇಳುತ್ತಿದೆ ಅಂತಲೇ ತಂಬಿ ತಿಳಿದುಕೊಂಡ.

“ನೋ ಅಮುಕ್ಕುಂಗ ಸಾರ್” ಅಂದ.